ನಮೂನೆ 26ರಲ್ಲಿ ಇಲ್ಲದ ಕಾಲಂ

ವಿಧಾನಸಭೆಗೆ ಸ್ಪರ್ಧಿಸುವವರು ನಾಮಪತ್ರದ ಜೊತೆಗೆ ನಮೂನೆ 26 ಎಂಬ ಪ್ರಮಾಣಪತ್ರವನ್ನು ಸಲ್ಲಿಸಬೇಕು. ನೋಟರಿಯ ಮೊಹರು ಬಿದ್ದ ಆ ಹಾಳೆಗಳಲ್ಲಿ ಅಭ್ಯರ್ಥಿಯ ಪ್ಯಾನ್ ಸಂಖ್ಯೆ, ಐದು ವರ್ಷಗಳ ಆದಾಯ ತೆರಿಗೆಯ ವಿವರ, ತನ್ನ ಮತ್ತು ಸಂಗಾತಿಯ ಹೆಸರಿನಲ್ಲಿರುವ ಚಿನ್ನದ ತೂಕ, ಜಮೀನಿನ ಸರ್ವೆ ನಂಬರ್, ಬ್ಯಾಂಕಿನ ಸಾಲ, ವಿದೇಶದಲ್ಲಿ ಏನಾದರೂ ಇದ್ದರೆ ಅದು, ನ್ಯಾಯಾಲಯದಲ್ಲಿರುವ ಪ್ರಕರಣಗಳು, ಓದಿದ ಶಾಲೆ ಕಾಲೇಜು ಎಲ್ಲಕ್ಕೂ ಜಾಗವಿದೆ. ಇದು ಸರ್ಕಾರ ತಾನಾಗಿ ಕೊಟ್ಟದ್ದಲ್ಲ; 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪುಗಳ ಮೂಲಕ ಮತದಾರನಿಗೆ ಕೊಡಿಸಿದ ಹಕ್ಕು. ಆದರೆ ಮತದಾರನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಗೆ ಮಾತ್ರ ಅಲ್ಲಿ ಕಾಲಂ ಇಲ್ಲ: ನೀನು ಯಾಕೆ ನಿಲ್ಲುತ್ತಿದ್ದೀಯ?

ಇಡೀ ಚುನಾವಣಾ ವ್ಯವಸ್ಥೆಯಲ್ಲಿ 'ಯಾಕೆ' ಎಂದು ಕೇಳುವ ಕಾಗದ ಒಂದೇ ಒಂದು ಇದೆ, ಅದೂ ವಿಚಿತ್ರ ಸಂದರ್ಭದಲ್ಲಿ. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಇವರನ್ನೇ ಏಕೆ ಆರಿಸಿದಿರಿ ಎಂಬುದನ್ನು ಪಕ್ಷವು ಪ್ರಕಟಿಸಬೇಕು, 'ಗೆಲ್ಲುತ್ತಾರೆ' ಎಂಬುದೊಂದೇ ಕಾರಣವಾಗಲಾರದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿತು. ಹಾಗಾಗಿ ಕಾರಣ ಕೇಳುವುದು ಆರೋಪ ಹೊತ್ತವರ ಬಗ್ಗೆ ಮಾತ್ರ, ಕೇಳುವುದೂ ಅಭ್ಯರ್ಥಿಯನ್ನಲ್ಲ, ಪಕ್ಷವನ್ನು. ಉಳಿದವರ ಉದ್ದೇಶವನ್ನು ನಾವು ಭಾಷಣದಿಂದ, ಕರಪತ್ರದಿಂದ, ಮನೆತನದ ಕಥೆಯಿಂದ ಊಹಿಸಿಕೊಳ್ಳಬೇಕು. ಈ ಊಹೆ ಎಲ್ಲಿ ಎಡವುತ್ತದೆ, ಎಲ್ಲಿ ಗಟ್ಟಿ ನೆಲ ಸಿಗುತ್ತದೆ ಎಂಬುದನ್ನು ನೋಡಲು ಮಂಡ್ಯ ಜಿಲ್ಲೆಯ ಮೇಲುಕೋಟೆ ಕ್ಷೇತ್ರದಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಕಾಣುವುದಿಲ್ಲ.

2018ರ ಫೆಬ್ರುವರಿ 16ರಂದು ಕಾವೇರಿ ವಿವಾದದಲ್ಲಿ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದಿತು. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಾಯಿತು. ಅದಾದ ಎರಡನೆಯ ದಿನ, 18ರ ರಾತ್ರಿ, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದ ಶಾಸಕ ಕೆ.ಎಸ್. ಪುಟ್ಟಣ್ಣಯ್ಯ ಅವರಿಗೆ ಹೃದಯಾಘಾತವಾಯಿತು, ಅವರು ಉಳಿಯಲಿಲ್ಲ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಪುಟ್ಟಣ್ಣಯ್ಯನವರು 1994ರಲ್ಲಿ ರೈತ ಸಂಘದಿಂದ, 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದವರು. ನಡುವೆ 1999ರಿಂದ 2013ರವರೆಗಿನ ಹದಿನಾಲ್ಕು ವರ್ಷ ಅವರ ಹೆಗಲ ಮೇಲೆ ಹಸಿರು ಶಾಲು ಇತ್ತು, ಶಾಸಕ ಸ್ಥಾನ ಇರಲಿಲ್ಲ. ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅಮೆರಿಕದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದರು. ತಂದೆ ತೀರಿಕೊಂಡ 83ನೆಯ ದಿನ, ಮೇ 12ರಂದು, ಮತಯಂತ್ರದಲ್ಲಿ ಅವರ ಹೆಸರಿತ್ತು. ಆಗ ಅವರು ಸ್ವರಾಜ್ ಇಂಡಿಯಾ ಪಕ್ಷದ ಅಭ್ಯರ್ಥಿ. ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಅವರನ್ನು ಬೆಂಬಲಿಸಿತ್ತು.

ವಿದೇಶದಲ್ಲಿ ನೆಲೆಸಿದವರು ಇಲ್ಲಿ ಸ್ಪರ್ಧಿಸಬಹುದೇ ಎಂಬ ಅನುಮಾನ ಹಲವರಿಗೆ ಇರುತ್ತದೆ. ಭಾರತದ ಪೌರತ್ವ ಇರಬೇಕು, ವಯಸ್ಸು 25 ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಕಾನೂನು ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಪೌರತ್ವ ಬಿಟ್ಟುಕೊಟ್ಟು ಸಾಗರೋತ್ತರ ಪೌರತ್ವದ ಚೀಟಿ ಹಿಡಿದವರಿಗೆ ಮಾತ್ರ ಬಾಗಿಲು ಮುಚ್ಚಿದೆ. ಎಷ್ಟು ವರ್ಷ ಊರಿನಲ್ಲಿ ಇದ್ದಿರಿ ಎಂದು ಕಾನೂನು ಕೇಳುವುದಿಲ್ಲ, ಊರು ಕೇಳುತ್ತದೆ.

ಹೀಗೆ ಬಂದ ಮಗನನ್ನು ಊರು ಮೂರು ರೀತಿಯಲ್ಲಿ ಓದಬಹುದಿತ್ತು. ಸಾವಿನ ಮನೆಯಿಂದ ಎದ್ದು ಬಂದವನು, ಅನುಕಂಪಕ್ಕೆ ಅರ್ಹ ಎಂಬುದು ಒಂದು. ಅಪ್ಪನ ಜಾಗಕ್ಕೆ ಮಗ, ಎಲ್ಲ ಪಕ್ಷಗಳಲ್ಲಿ ನಡೆಯುವ ವಂಶದ ಆಟವೇ ಇಲ್ಲೂ ಎಂಬುದು ಎರಡನೆಯದು. ಅಪ್ಪ ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಹೊರಲು ಬಂದವನು ಎಂಬುದು ಮೂರನೆಯದು. ಒಬ್ಬನೇ ಮನುಷ್ಯನಲ್ಲಿ ಈ ಮೂರೂ ಒಟ್ಟಿಗೇ ಇರಲು ಸಾಧ್ಯ ಎಂಬುದನ್ನು ನಮ್ಮ ರಾಜಕೀಯ ಚರ್ಚೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದನ್ನು ಆರಿಸಿ ಉಳಿದದ್ದನ್ನು ಸುಳ್ಳೆಂದು ಹೇಳುವುದು ಸುಲಭ. ಮನಸ್ಸಿನೊಳಗೆ ಇಣುಕಿ ನೋಡುವ ಉಪಾಯ ಯಾರಲ್ಲೂ ಇಲ್ಲದಿರುವಾಗ, ಉದ್ದೇಶವನ್ನು ಅಳೆಯಲು ಉಳಿಯುವುದು ಎರಡು ದಾರಿ. ಆ ವ್ಯಕ್ತಿ ಯಾವುದನ್ನು ಮೊದಲ ಕೆಲಸವೆಂದು ಹೇಳುತ್ತಾನೆ ಎಂಬುದು ಒಂದು. ಆ ಕೆಲಸಕ್ಕಾಗಿ ಯಾರ ಮುನಿಸನ್ನು ಕಟ್ಟಿಕೊಳ್ಳಲು ತಯಾರಿದ್ದಾನೆ ಎಂಬುದು ಇನ್ನೊಂದು.

ಅನುಕಂಪದ ಲೆಕ್ಕ 2018ರಲ್ಲೇ ಮುಗಿಯಿತು. ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಸುಮಾರು 96 ಸಾವಿರ ಮತ ಪಡೆದರು, ದರ್ಶನ್ ಅವರಿಗೆ ಬಂದದ್ದು 73 ಸಾವಿರ ಚಿಲ್ಲರೆ. ಆ ವರ್ಷ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರಗಳನ್ನು ಜೆಡಿಎಸ್ ಗುಡಿಸಿಕೊಂಡು ಹೋಗಿತ್ತು. 2023ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ದರ್ಶನ್ ಅವರದು ತಂದೆಯ ಹಳೆಯ ಪಕ್ಷವಾದ ಸರ್ವೋದಯ ಕರ್ನಾಟಕ. 91 ಸಾವಿರ ಮತ ಪಡೆದು ಹತ್ತು ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಇದನ್ನು ಐದು ವರ್ಷದ ದುಡಿಮೆಯ ಫಲವೆಂದು ಬರೆದುಬಿಡಲು ಕೈ ತುಡಿಯುತ್ತದೆ, ಆದರೆ ಅಂಕಿಗಳು ಅಷ್ಟು ಉದಾರವಾಗಿಲ್ಲ. ಎರಡೂ ಚುನಾವಣೆಗಳಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕಣದಲ್ಲಿರಲಿಲ್ಲವಾದ್ದರಿಂದ ಕಾಂಗ್ರೆಸ್ಸಿನ ಗೈರುಹಾಜರಿ ಈ ವ್ಯತ್ಯಾಸವನ್ನು ವಿವರಿಸಲಾರದು. ವಿವರಿಸಬಹುದಾದದ್ದು ಜಿಲ್ಲೆಯ ಗಾಳಿ. 2023ರಲ್ಲಿ ಜೆಡಿಎಸ್ ಮಂಡ್ಯದಲ್ಲಿ ಕೆ.ಆರ್. ಪೇಟೆಯೊಂದಕ್ಕೆ ಇಳಿಯಿತು, ಕಾಂಗ್ರೆಸ್ ಐದನ್ನು ಗೆದ್ದಿತು. ಆ ಗಾಳಿಯಲ್ಲಿ ವ್ಯಕ್ತಿಯ ಪಾಲೆಷ್ಟು, ಸಂಘದ ಕಾರ್ಯಕರ್ತರ ಪಾಲೆಷ್ಟು, ಸಿಟ್ಟಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಹಾಲು ನೀರು ಬೇರ್ಪಡಿಸಿದ ಹಾಗೆ.

ವಂಶದ ಪ್ರಶ್ನೆ ಇಷ್ಟು ಬೇಗ ಮುಗಿಯುವುದಿಲ್ಲ. ಉಳಿದ ಪಕ್ಷಗಳಲ್ಲಿ ಮಗನಿಗೆ ದಾಟುವುದು ಹಣ, ಗುತ್ತಿಗೆದಾರರ ಬಳಗ, ಮತ್ತು ಎಲ್ಲ ಹೋಬಳಿಗಳಲ್ಲೂ ಸಾಕಿಕೊಂಡ ಮುಖಂಡರು. 1980ರ ದಶಕದಲ್ಲಿ ನರಗುಂದ, ನವಲಗುಂದದ ಗೋಲಿಬಾರಿನ ಬೂದಿಯಿಂದ ಎದ್ದ ರೈತ ಸಂಘಟನೆಯಲ್ಲಿ ದಾಟಬೇಕಾದದ್ದು ಬೇರೆ. 'ಒಂದು ಓಟು, ಒಂದು ನೋಟು' ಎಂದು ಮತದಾರನಿಂದಲೇ ಹಣ ಕೇಳಿದ ಚಳವಳಿ ಅದು. ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕೂ ಬರುತ್ತದೆ ಎಂಬುದು ಅದರ ಒಳ ತಿರುಳು. ಆ ಅರ್ಥದಲ್ಲಿ ಮೇಲುಕೋಟೆಯ ಮಗನಿಗೆ ಬಂದದ್ದು ಆಸ್ತಿಗಿಂತ ಹೆಚ್ಚಾಗಿ ಸಾಲ. ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನಾಲ್ಕು ದಶಕ ಜೈಲು, ರಸ್ತೆ ತಡೆ, ಪಾದಯಾತ್ರೆ ಕಂಡ ಸಂಘಟನೆಗೆ ತನ್ನ ಎರಡನೆಯ ಸಾಲಿನಲ್ಲಿ ಒಬ್ಬ ಅಭ್ಯರ್ಥಿ ಸಿಗದೆ ಹೋದದ್ದು ಏಕೆ? ಈ ಪ್ರಶ್ನೆ ದರ್ಶನ್ ಅವರಿಗಿಂತ ಹೆಚ್ಚಾಗಿ ಚಳವಳಿಗೆ ಕೇಳಬೇಕಾದದ್ದು, ಮತ್ತು ಅದನ್ನು ಒಳಗಿನವರೇ ಕೇಳಿಕೊಂಡರೆ ಚೆನ್ನ.

ಇನ್ನು ಆದ್ಯತೆಗಳು. ರೈತ ಸಂಘದ ಹಿನ್ನೆಲೆಯಿಂದ ಮೇಲುಕೋಟೆಯಲ್ಲಿ ಯಾರೇ ನಿಂತರೂ ಪಟ್ಟಿಯ ತಲೆಯಲ್ಲಿ ಕಬ್ಬು ಇರಲೇಬೇಕು. ಹಂಗಾಮಿನಲ್ಲಿ ಪಾಂಡವಪುರದ ಕಡೆ ಓಡಾಡಿದವರಿಗೆ ಕಾರ್ಖಾನೆಯ ಹಾದಿಯಲ್ಲಿ ನಿಲ್ಲುವ ಟ್ರ್ಯಾಕ್ಟರುಗಳ ಸಾಲು ಗೊತ್ತಿರುತ್ತದೆ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ, ಇಳಿದ ತೂಕ ರೈತನ ಲೆಕ್ಕಕ್ಕೆ. ಕಾರ್ಖಾನೆ ಕಟಾವಿಗೆ ಆಳು ಕಳಿಸುವುದು ತಡವಾದರೆ ಗದ್ದೆಯಲ್ಲೇ ಕಬ್ಬು ಸೂಲಂಗಿ ಬಿಡುತ್ತದೆ. ಆಗ ಆಲೆಮನೆಯವರು ಹೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳಬೇಕು. ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ ಹೀಗೆಯೇ ವರ್ಷಗಟ್ಟಲೆ ನಿಂತು, 2020ರಲ್ಲಿ 40 ವರ್ಷಗಳ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಯೊಂದರ ಕೈ ಸೇರಿತು. ಅಲ್ಲಿಗೆ ರೈತ ಷೇರುದಾರನ ಸ್ಥಾನ ಕಬ್ಬು ಪೂರೈಸುವವನ ಸ್ಥಾನಕ್ಕೆ ಇಳಿಯಿತು.

ಕಬ್ಬಿಗೆ ಬೆಲೆ ಕೊಡಿಸುತ್ತೇನೆ ಎನ್ನುವ ಅಭ್ಯರ್ಥಿಯ ಮಾತನ್ನು ಬಿಡಿಸಿ ನೋಡಬೇಕು. ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಊರಿನ ಮಾತಿನಲ್ಲಿ ಎಫ್‌ಆರ್‌ಪಿ, ನಿಗದಿಯಾಗುವುದು ದೆಹಲಿಯಲ್ಲಿ. 1966ರ ಕಬ್ಬು ನಿಯಂತ್ರಣ ಆದೇಶದ ಅಡಿಯಲ್ಲಿ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಅದನ್ನು ಪ್ರಕಟಿಸುತ್ತದೆ. 2024-25ಕ್ಕೆ ಅದು ಕ್ವಿಂಟಲಿಗೆ 340 ರೂಪಾಯಿ, ಆದರೆ ಶೇ. 10.25 ಸಕ್ಕರೆ ಇಳುವರಿ ಬಂದರೆ. ಇಳುವರಿ ಇಳಿದ ಹಾಗೆ ಬೆಲೆಯೂ ಇಳಿಯುತ್ತದೆ, ಶೇ. 9.5 ಅಥವಾ ಅದಕ್ಕಿಂತ ಕಡಿಮೆಯಾದರೆ 315 ರೂಪಾಯಿ ಹತ್ತು ಪೈಸೆಗೆ ನಿಲ್ಲುತ್ತದೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಹೋಲಿಸಿದರೆ ಮಂಡ್ಯದ ಕಡೆಯ ಇಳುವರಿ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಪತ್ರಿಕೆಯಲ್ಲಿ ಓದಿದ ಬೆಲೆಗೂ ಕೈಗೆ ಬರುವ ಬಿಲ್ಲಿಗೂ ತಾಳೆಯಾಗುವುದಿಲ್ಲ. ಕಟಾವು ಮತ್ತು ಸಾಗಾಣಿಕೆಯ ವೆಚ್ಚ ಕಳೆದ ಮೇಲಂತೂ ಇನ್ನೂ ಕೆಳಗೆ. ಶಾಸಕರೊಬ್ಬರು ಈ ಸೂತ್ರವನ್ನು ಬದಲಿಸಲಾರರು.

ಆದರೆ ಅದೇ ಆದೇಶದಲ್ಲಿ ಇನ್ನೊಂದು ಸಾಲಿದೆ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ಬಾಕಿ ಉಳಿಸಿಕೊಂಡ ಕಾರ್ಖಾನೆಯಿಂದ ಕಂದಾಯ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಇರುವುದು ಜಿಲ್ಲಾಡಳಿತಕ್ಕೆ. ಜೊತೆಗೆ ಕಾರ್ಖಾನೆಯ ವರಮಾನದಲ್ಲಿ ರೈತನ ಪಾಲನ್ನು ನಿರ್ಧರಿಸಲು ರಾಜ್ಯದ್ದೇ ಆದ 2013ರ ಕಾಯ್ದೆ ಇದೆ, ಕಬ್ಬು ನಿಯಂತ್ರಣ ಮಂಡಳಿ ಇದೆ. ಶಾಸಕರ ಕೈಗೆಟುಕುವುದು ಇದು: ಜಿಲ್ಲಾಧಿಕಾರಿಯ ಸಭೆಯಲ್ಲಿ ಯಾವ ಕಾರ್ಖಾನೆ ಎಷ್ಟು ದಿನ ತಡಮಾಡಿದೆ ಎಂಬ ಪಟ್ಟಿ ಕೇಳುವುದು, ತೂಕದ ಯಂತ್ರದ ತಪಾಸಣೆ ಮಾಡಿಸುವುದು, ಬಡ್ಡಿ ಯಾರಿಗೆ ಸಿಕ್ಕಿದೆ ಎಂದು ಸದನದಲ್ಲಿ ಲಿಖಿತ ಉತ್ತರ ಪಡೆಯುವುದು. 'ವೈಜ್ಞಾನಿಕ ಬೆಲೆ' ಎಂಬ ಘೋಷಣೆಗೆ ಚಪ್ಪಾಳೆ ಬೀಳುತ್ತದೆ, 'ಹದಿನಾಲ್ಕನೆಯ ದಿನ' ಎಂಬ ಘೋಷಣೆಗೆ ಬೀಳುವುದಿಲ್ಲ. ಆದರೂ ಅಭ್ಯರ್ಥಿ ಮನೆಪಾಠ ಮಾಡಿಕೊಂಡು ಬಂದಿದ್ದಾರೆಯೇ ಎಂದು ತಿಳಿಯುವುದು ಎರಡನೆಯದರಿಂದಲೇ.

ನೀರಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅಂತರರಾಜ್ಯ ಹಂಚಿಕೆ ಶಾಸಕರ ಕೈಯಲ್ಲಿಲ್ಲ. ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆಯಲ್ಲಿ ಇರುವ ನೀರನ್ನು ವಿಶ್ವೇಶ್ವರಯ್ಯ ನಾಲೆಗೆ ಯಾವಾಗ, ಎಷ್ಟು ದಿನ ಬಿಡಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯಲ್ಲಿ ಮಾತ್ರ ಅವರಿಗೆ ಕುರ್ಚಿ ಇದೆ. ನಾಲೆಯ ಕೊನೆ ಭಾಗದ ರೈತನಿಗೆ ತಮಿಳುನಾಡಿಗೆ ಹರಿದ ನೀರನ್ನು ಅಳೆಯುವ ಬಿಳಿಗುಂಡ್ಲುವಿನ ಮಾಪಕಕ್ಕಿಂತ ತನ್ನ ತೂಬಿನ ಬಳಿ ಕಟ್ಟುಪದ್ಧತಿಯ (ಸರದಿಯ ಮೇಲೆ ಬಿಡುವ) ನೀರು ಬರುವ ದಿನಾಂಕ ಮುಖ್ಯ.

ಕಬ್ಬು, ನೀರು ಎರಡಕ್ಕೂ ಕ್ಷೇತ್ರದೊಳಗೆ ವಿರೋಧಿಗಳಿಲ್ಲ. ಕಬ್ಬಿಗೆ ಬೆಲೆ ಬೇಡ ಎನ್ನುವ ಮತದಾರ ಪಾಂಡವಪುರದಲ್ಲಿ ಹುಡುಕಿದರೂ ಸಿಗಲಾರ. ಎಲ್ಲರೂ ಒಪ್ಪುವ ಆದ್ಯತೆಯಿಂದ ಅಭ್ಯರ್ಥಿಯ ಉದ್ದೇಶ ತಿಳಿಯುವುದಿಲ್ಲ. ತಿಳಿಯುವುದು ಊರನ್ನೇ ಎರಡಾಗಿ ಸೀಳುವ ಪ್ರಶ್ನೆಯಿಂದ. ಮೇಲುಕೋಟೆ ಕ್ಷೇತ್ರದಲ್ಲಿ ಆ ಪ್ರಶ್ನೆಯ ಹೆಸರು ಬೇಬಿ ಬೆಟ್ಟ.

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಾವಲು ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಜಾಗ. ಈಚಿನ ದಶಕಗಳಲ್ಲಿ ಅದು ಜಲ್ಲಿ ಕ್ರಷರುಗಳ ಊರಾಯಿತು. ಇಲ್ಲಿಂದ ಕನ್ನಂಬಾಡಿ ಕಟ್ಟೆ ದೂರವಿಲ್ಲ. 2018ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಕೇಳಿಬಂದ ಭಾರೀ ಸದ್ದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಉಪಕರಣಗಳು ದಾಖಲಿಸಿಕೊಂಡವು. ಕಲ್ಲು ಸಿಡಿಸುವ ಕೆಲಸದಿಂದ ಅಣೆಕಟ್ಟೆಗೆ ಅಪಾಯವಾಗಬಹುದೆಂಬ ವರದಿ ಸರ್ಕಾರಕ್ಕೆ ಹೋಯಿತು. ಆಮೇಲೆ ನಿಷೇಧ, ಸಡಿಲಿಕೆ, ಮತ್ತೆ ನಿಷೇಧ. ಪರೀಕ್ಷಾರ್ಥ ಸ್ಫೋಟ ನಡೆಸಿ ನೋಡೋಣ ಎಂಬ ಪ್ರಸ್ತಾಪ ಬಂದಾಗ, ಪರೀಕ್ಷೆಯ ಹೆಸರಿನಲ್ಲಿ ಗಣಿಗಾರಿಕೆಗೆ ಬಾಗಿಲು ತೆರೆಯುವ ಹುನ್ನಾರ ಇದೆಂದು ರೈತ ಸಂಘದವರು ಅಡ್ಡ ನಿಂತರು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ಪ್ರಕಾರ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸಬಾರದೆಂದು ಆದೇಶಿಸಿತು.

ಇಲ್ಲಿ ರೈತನ ಹಿತ ಎಂಬ ಮಾತು ಸರಳವಾಗಿ ಉಳಿಯುವುದಿಲ್ಲ. ನಾಲೆಯ ನೀರನ್ನು ನಂಬಿದ ಗದ್ದೆಯವನಿಗೆ ಕಟ್ಟೆಯೇ ಪ್ರಾಣ. ಅವನ ದಾಯಾದಿಯೊಬ್ಬ ಕ್ರಷರಿಗೆ ಟಿಪ್ಪರ್ ಓಡಿಸುತ್ತಾನೆ, ಅದರ ಕಂತು ತಿಂಗಳು ತಿಂಗಳು ತೀರಬೇಕು. ಬೆಟ್ಟದ ಬುಡದ ಹಳ್ಳಿಯಲ್ಲಿ ಗೋಡೆ ಬಿರುಕು ಬಿಟ್ಟ ಮನೆಯೂ ಇದೆ, ಕ್ರಷರಿನ ದುಡಿಮೆಯಿಂದಲೇ ತಾರಸಿ ಹಾಕಿಸಿಕೊಂಡ ಮನೆಯೂ ಇದೆ. ಇದರ ಮೇಲೆ ಗಣಿ ಮಾಲೀಕರು ಪಕ್ಷಭೇದವಿಲ್ಲದೆ ಚುನಾವಣೆಗೆ ಕೈ ಬಿಚ್ಚುವವರು ಎಂಬುದನ್ನು ಈ ರಾಜ್ಯದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ವಿಧಾನಸಭಾ ಅಭ್ಯರ್ಥಿಯೊಬ್ಬರು ಕಾನೂನಿನ ಪ್ರಕಾರ ಖರ್ಚು ಮಾಡಬಹುದಾದದ್ದು 40 ಲಕ್ಷ ರೂಪಾಯಿ. 2018ರಲ್ಲಿ ಅದು 28 ಲಕ್ಷವಿತ್ತು. ಆ ಮಿತಿಗೂ ನಿಜದ ಖರ್ಚಿಗೂ ನಡುವೆ ಇರುವ ಕಂದಕವನ್ನು ಯಾರು ತುಂಬುತ್ತಾರೋ ಅವರ ಆದ್ಯತೆಯೂ ಪ್ರಣಾಳಿಕೆಯ ಸಾಲುಗಳ ನಡುವೆ ಸೇರಿಕೊಳ್ಳುತ್ತದೆ. ಮತದಾರರ ನೋಟಿನಿಂದ ಚುನಾವಣೆ ನಡೆಸುವುದು ಹಳೆಯ ಕಾಲದ ಆದರ್ಶವೆಂದು ನಗುವವರು ಬೇಬಿ ಬೆಟ್ಟವನ್ನು ಒಮ್ಮೆ ನೆನೆಯಬೇಕು. ಯಾರ ಹಣವೂ ಇಲ್ಲದವನು ಮಾತ್ರ ಇಲ್ಲಿ ಇಬ್ಬರಿಗೂ ಒಂದೇ ಉತ್ತರ ಕೊಡಬಲ್ಲ. ಟಿಪ್ಪರಿನ ಕಂತಿಗೆ ಬದಲಿ ದಾರಿ ಏನೆಂದು ಹೇಳದೆ ಬರೀ ನಿಷೇಧದ ಮಾತಾಡುವ ಅಭ್ಯರ್ಥಿಯದೂ ಅರ್ಧ ಉತ್ತರವೇ.

ಇಂಥ ಉತ್ತರವನ್ನು ಸದನದವರೆಗೆ ಒಯ್ಯುವ ಶಕ್ತಿ ಒಬ್ಬ ಶಾಸಕರಿಗೆ ಎಷ್ಟಿದೆ? ದರ್ಶನ್ ಅವರು 224 ಸದಸ್ಯರ ಸಭೆಯಲ್ಲಿ ತಮ್ಮ ಪಕ್ಷದ ಏಕೈಕ ಸದಸ್ಯರು. ಕಾಂಗ್ರೆಸ್ 2023ರಲ್ಲಿ 223 ಕಡೆ ಸ್ಪರ್ಧಿಸಿ 135 ಗೆದ್ದಿತು. ಬಿಟ್ಟುಕೊಟ್ಟ ಒಂದು ಸ್ಥಾನ ಮೇಲುಕೋಟೆ. ಸರ್ಕಾರಕ್ಕೆ ಅವರ ಮತ ಉಳಿವಿನ ಪ್ರಶ್ನೆಯಲ್ಲ, ಅವರಿಗೆ ಸರ್ಕಾರದ ಒಲವು ಬೇಕು. ಒಂಟಿ ಸದಸ್ಯರ ಕಥೆ ಕರ್ನಾಟಕದಲ್ಲಿ ಚೆನ್ನಾಗಿ ಮುಗಿದದ್ದು ಕಡಿಮೆ. 2018ರಲ್ಲಿ ರಾಣೆಬೆನ್ನೂರಿನಿಂದ ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಎಂಬ ಸಣ್ಣ ಪಕ್ಷದ ಒಬ್ಬರೇ ಶಾಸಕರಾಗಿ ಬಂದ ಆರ್. ಶಂಕರ್ ಪಕ್ಷವನ್ನೇ ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿ, ಮುಂದಿನ ವರ್ಷ ಅನರ್ಹಗೊಂಡರು. ಅದೇ ಸದನದಲ್ಲಿ ಬಿಎಸ್‌ಪಿಯ ಒಬ್ಬರೇ ಆಗಿದ್ದ ಕೊಳ್ಳೇಗಾಲದ ಎನ್. ಮಹೇಶ್ ಸಚಿವರಾದರು, ವಿಶ್ವಾಸಮತದ ದಿನ ಗೈರಾಗಿ ಪಕ್ಷದಿಂದ ಹೊರಬಿದ್ದರು, 2021ರಲ್ಲಿ ಬಿಜೆಪಿ ಸೇರಿದರು. ಒಂಟಿ ಸದಸ್ಯರಿಗೆ ಒಂದು ಅನುಕೂಲವೂ ಇದೆ, ಅದನ್ನು ಬಳಸಿದವರು ಅಪರೂಪ: ಆಡಳಿತ ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆದೇಶ) ಅವರಿಗೆ ಅನ್ವಯಿಸುವುದಿಲ್ಲ. ಆಡಳಿತ ಪಕ್ಷದ ಶಾಸಕರು ನುಂಗಿಕೊಳ್ಳಬೇಕಾದ ಪ್ರಶ್ನೆಯನ್ನು ಅವರು ಕೇಳಬಹುದು.

ಕೇಳಲು ದಿನಗಳು ಬೇಕಲ್ಲ ಎಂಬುದು ಇನ್ನೊಂದು ಸಂಕಟ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು 2005ರಲ್ಲಿ ರಾಜ್ಯವೇ ಕಾಯ್ದೆ ಮಾಡಿಕೊಂಡಿದೆ, ಅದನ್ನು ಪಾಲಿಸುವುದನ್ನು ಬಹುಮಟ್ಟಿಗೆ ಮರೆತಿದೆ. ಇರುವ ದಿನಗಳಲ್ಲಿ ಗದ್ದಲಕ್ಕೆ ಹೋದದ್ದು ಕಳೆದು ಉಳಿದದ್ದರಲ್ಲಿ ಪ್ರಶ್ನೋತ್ತರ, ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ. ಸದನದ ಹೊರಗೆ ಶಾಸಕರ ಕೈಯಲ್ಲಿ ಕಾಣುವಂಥ ಅಧಿಕಾರ ಇರುವುದು ತಾಲ್ಲೂಕಿನಲ್ಲಿ: ವರ್ಷಕ್ಕೆ ಎರಡು ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ, ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ತ್ರೈಮಾಸಿಕ ಕೆಡಿಪಿ ಸಭೆಯ ಅಧ್ಯಕ್ಷತೆ, ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಸಮಿತಿ, ಅಧಿಕಾರಿಗಳ ವರ್ಗಾವಣೆಗೆ ಬರೆಯುವ ಪತ್ರ. ಕಡೆಯದು ಯಾವ ಕಾಯ್ದೆಯಲ್ಲೂ ಇಲ್ಲ, ಎಲ್ಲಕ್ಕಿಂತ ಹೆಚ್ಚು ನಡೆಯುವುದು ಅದೇ. ಶಾಸಕರ ಮನೆಯ ಮುಂದೆ ಬೆಳಗ್ಗೆ ಏಳಕ್ಕೆ ಕುಳಿತಿರುವ ಜನರಲ್ಲಿ ಕಬ್ಬಿನ ನೀತಿಯ ಬಗ್ಗೆ ಮಾತಾಡಲು ಬಂದವರು ಎಷ್ಟಿರಬಹುದು? ಆಸ್ಪತ್ರೆಯ ಬಿಲ್ಲು, ಮಗಳ ಮದುವೆಯ ಕರೆಯೋಲೆ, ಠಾಣೆಯ ದೂರು, ಪಹಣಿ ತಿದ್ದುಪಡಿ, ಹಾಸ್ಟೆಲ್ ಸೀಟು. ನೀತಿಯ ಆದ್ಯತೆ ಹಿಡಿದು ಬಂದ ಅಭ್ಯರ್ಥಿಯ ಐದು ವರ್ಷವನ್ನು ಈ ಜಗಲಿ ತಿಂದುಹಾಕುತ್ತದೆ. ಜನರು ಕೇಳುವುದು ತಪ್ಪೆಂದು ಹೇಳುವಂತಿಲ್ಲ. ತಾಲ್ಲೂಕು ಕಚೇರಿ ನೆಟ್ಟಗೆ ಕೆಲಸ ಮಾಡಿದ್ದರೆ ಅವರು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಮೇಲುಕೋಟೆಯಲ್ಲಿ ಆಗ ಯಾರು ಯಾರು ನಿಲ್ಲುತ್ತಾರೋ, ನಮೂನೆ 26ರಲ್ಲಿ ಅದೇ ಚಿನ್ನ, ಅದೇ ಸರ್ವೆ ನಂಬರುಗಳು ಬರುತ್ತವೆ. ಆದರೆ ಹಾಲಿ ಶಾಸಕರ ವಿಷಯದಲ್ಲಿ ಮತದಾರನ ಬಳಿ 2018ರಲ್ಲಿ ಇಲ್ಲದ ಒಂದು ದಾಖಲೆ ಆ ಹೊತ್ತಿಗೆ ಇರುತ್ತದೆ. ಐದು ವರ್ಷದಲ್ಲಿ ಸದನದಲ್ಲಿ ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗಳೂ ಅವಕ್ಕೆ ಬಂದ ಉತ್ತರಗಳೂ ವಿಧಾನಸಭೆಯ ನಡವಳಿಯಲ್ಲಿ ಅಚ್ಚಾಗಿರುತ್ತವೆ. ಕಬ್ಬಿನ ಬಿಲ್ಲಿನ ಬಡ್ಡಿಯ ಬಗ್ಗೆ ಎಷ್ಟು, ಬೇಬಿ ಬೆಟ್ಟದ ಬಗ್ಗೆ ಎಷ್ಟು ಎಂದು ಪಾಂಡವಪುರದ ಹೋಟೆಲಿನಲ್ಲಿ ಒಂದು ಕಾಫಿ ಆರುವಷ್ಟರಲ್ಲಿ ಎಣಿಸಿ ಮುಗಿಸಬಹುದು.